ನರಹುಲಿಯ ವೈರಸ್ಸಿಗೆ ಕೊರೊನಾದ ವೇಷ ಬೇಡ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಜನನಾಂಗದ ನರಹುಲಿಯ ಕುರಿತು ಲೇಖನವೊಂದು ಬಂದಿತ್ತು. ಮನೆಮಂದಿಯೆಲ್ಲ ಓದುವ ದಿನಪತ್ರಿಕೆ ಈ ಕಾಯಿಲೆಯ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿತಲ್ಲ ಎಂದು ಮೊದಲು ಸಂತೋಷಪಟ್ಟೆ. ಸರ್ಕಾರಿ ಆಸ್ಪತ್ರೆಯ ಚರ್ಮ ಮತ್ತು ಗುಹ್ಯರೋಗ ವಿಭಾಗದಲ್ಲಿ ಸೇವಾವಧಿಯನ್ನೆಲ್ಲ ಕಳೆದು, ಈಗ ಸಂಜೆ ಹೊತ್ತು ಸಣ್ಣ ಕ್ಲಿನಿಕ್ ನಡೆಸುವ ನನಗೆ ಅದು ಸಣ್ಣ ಸಂಗತಿಯಲ್ಲ. ಆದರೆ ಲೇಖನದ ಕೊನೆಯ ಎರಡು ಪ್ಯಾರಾಗಳಲ್ಲಿ ಲೇಖಕರು ಹಿಡಿತ ತಪ್ಪಿದ್ದಾರೆ. ನರಹುಲಿ ತರುವ ವೈರಸ್ ಕೊರೊನಾದಂತೆ ದಿನೇ ದಿನೇ ರೂಪ ಬದಲಿಸುತ್ತಿದೆಯಂತೆ, ಹೊಸ ತಳಿಗಳ ಮುಂದೆ ಲಸಿಕೆ ನಿಲ್ಲುವುದಿಲ್ಲವಂತೆ, ವೈರಸ್ಸಿನ ವಂಶವಾಹಿ ಪರೀಕ್ಷೆ ಮಾಡಿಸಿದರೆ ಸೋಂಕು ಯಾರಿಂದ ಬಂತೆಂದು ಗೊತ್ತಾಗುತ್ತದಂತೆ. ಮೂರೂ ತಪ್ಪು. ಮೂರನೆಯದಂತೂ ಮನೆ ಮುರಿಯುವಂಥ ತಪ್ಪು.

ಮನೆ ಮುರಿಯುವ ಮಾತನ್ನು ಸುಮ್ಮನೆ ಆಡುತ್ತಿಲ್ಲ. ಲೇಖನ ಬಂದ ಎರಡು ದಿನಕ್ಕೆ ದಂಪತಿ ಬಂದರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ). ಹೆಂಡತಿಗೆ ಆರು ತಿಂಗಳು ತುಂಬಿದೆ, ನರಹುಲಿ ಕಾಣಿಸಿಕೊಂಡಿದೆ. ಗಂಡನ ಜೇಬಿನಲ್ಲಿ ನಿಮ್ಮ ಪತ್ರಿಕೆಯ ಕತ್ತರಿಸಿದ ತುಂಡು. ‘ಮೇಡಂ, ನನಗೆ ಇದೇನೂ ಇಲ್ಲ. ಇವಳ ಮೈಯಲ್ಲಿ ಇರುವುದು ಯಾವ ತಳಿ ಎಂದು ಬೆಂಗಳೂರಿಗೆ ಕಳಿಸಿ ನೋಡಿಸಿ, ಖರ್ಚು ಎಷ್ಟಾದರೂ ಆಗಲಿ’ ಎಂದರು. ಆ ಹೆಣ್ಣುಮಗಳು ನೆಲ ನೋಡುತ್ತ ಕುಳಿತಿದ್ದಳು. ಹೊರಗಿನ ಬೆಂಚಿನಲ್ಲಿ ಅತ್ತೆ. ತಪಾಸಣೆಗೆ ಐದು ನಿಮಿಷ ಸಾಕಾಯಿತು. ಉಳಿದ ಮುಕ್ಕಾಲು ಗಂಟೆ ಆ ಪತ್ರಿಕೆಯ ತುಂಡಿನ ಜೊತೆ ವಾದ ಮಾಡಿದೆ. ಗಂಡನಿಗೆ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳುವುದು ನ್ಯಾಯ.

ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಒಂದೇ ವೈರಸ್ ಅಲ್ಲ; ಇನ್ನೂರಕ್ಕೂ ಹೆಚ್ಚು ಬಗೆಗಳ ದೊಡ್ಡ ಕುಟುಂಬ. ಸಿಕ್ಕಿದ ಕ್ರಮದಲ್ಲಿ ಅವಕ್ಕೆ ಸಂಖ್ಯೆ ಕೊಟ್ಟಿದ್ದಾರೆ. ಕೈಕಾಲಿನ ನರಹುಲಿಗೆ ಕೆಲವು, ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯವಾಗಿ 16 ಮತ್ತು 18, ಜನನಾಂಗದ ನರಹುಲಿಗೆ 6 ಮತ್ತು 11. ನೂರು ಜನನಾಂಗದ ನರಹುಲಿಗಳನ್ನು ತೆಗೆದುಕೊಂಡರೆ ಸುಮಾರು ತೊಂಬತ್ತರಲ್ಲಿ ಈ ಇಬ್ಬರೇ ಇರುತ್ತಾರೆ. ಜರ್ಮನಿಯಲ್ಲಿ ಹರಾಲ್ಡ್ ಜುರ್ ಹೌಸನ್ ಅವರ ತಂಡ ಹುಡುಕುತ್ತಿದ್ದದ್ದು ಕ್ಯಾನ್ಸರಿನ ವೈರಸ್ಸನ್ನು. 1980ರ ದಶಕದ ಆರಂಭದಲ್ಲಿ ಮೊದಲು ಸಿಕ್ಕಿದ್ದು ನರಹುಲಿಯೊಳಗಿನ 6, ಆಮೇಲೆ ಗಂಟಲಿನ ಗುಳ್ಳೆಯೊಳಗಿನ 11. ಆ ಹಾದಿಯಲ್ಲೇ ಮುಂದುವರಿದು 1983ರಲ್ಲಿ 16, ಮರುವರ್ಷ 18. ಜುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ನರಹುಲಿಯನ್ನು ಕೀಳಾಗಿ ಕಾಣುವವರಿಗೆ ನಾನು ಈ ಕಥೆಯನ್ನು ಯಾವಾಗಲೂ ಹೇಳುತ್ತೇನೆ.

ಈಗ ರೂಪ ಬದಲಿಸುವ ಮಾತು. ಕೊರೊನಾದ ವಂಶವಾಹಿ ಆರ್‌ಎನ್‌ಎ. ಅದು ತನ್ನ ನಕಲನ್ನು ತನ್ನದೇ ಕಿಣ್ವದಿಂದ ಮಾಡಿಕೊಳ್ಳುತ್ತದೆ, ಅಷ್ಟಿಷ್ಟು ತಿದ್ದಿಕೊಂಡರೂ ಸಾಕಷ್ಟು ತಪ್ಪುಗಳು ಉಳಿದುಬಿಡುತ್ತವೆ. ಎಚ್‌ಪಿವಿಯದು ಡಿಎನ್‌ಎ, ಸುಮಾರು ಎಂಟು ಸಾವಿರ ರಾಸಾಯನಿಕ ‘ಅಕ್ಷರ’ಗಳ ಪುಟ್ಟ ಉಂಗುರ. ನಕಲು ಮಾಡುವ ಯಂತ್ರ ಅದರ ಬಳಿ ಇಲ್ಲ. ನಮ್ಮ ಚರ್ಮದ ಜೀವಕೋಶದೊಳಗೆ ಸೇರಿ, ನಮ್ಮ ಡಿಎನ್‌ಎಯನ್ನು ನಕಲು ಮಾಡುವ ಕಿಣ್ವಗಳಿಂದಲೇ ತನ್ನ ಕೆಲಸವನ್ನೂ ಮಾಡಿಸಿಕೊಳ್ಳುತ್ತದೆ. ಹಳೆಯ ಶಾನುಭೋಗರು ಖಾತೆ ನಕಲು ಮಾಡಿ ಮತ್ತೊಮ್ಮೆ ಮೂಲದೊಂದಿಗೆ ತಾಳೆ ನೋಡುತ್ತಿದ್ದಂತೆ, ಈ ಕಿಣ್ವಗಳು ಬರೆದದ್ದನ್ನು ಪರಿಶೀಲಿಸಿ ತಿದ್ದುತ್ತವೆ. ಹಾಗಾಗಿ ತಪ್ಪು ನುಸುಳುವುದು ಅಪರೂಪ. ಕೊರೊನಾದಲ್ಲಿ ತಿಂಗಳುಗಳಲ್ಲಿ ಕಂಡ ಬದಲಾವಣೆಗೆ ಇಲ್ಲಿ ಸಾವಿರಾರು ವರ್ಷಗಳ ಲೆಕ್ಕ ಹಿಡಿಯಬೇಕು.

ಹಾಗೆಂದು ವ್ಯತ್ಯಾಸವೇ ಇಲ್ಲವೆಂದಲ್ಲ. ಇದೆ, ಅದನ್ನು ಅಳೆದೂ ಆಗಿದೆ. ವೈರಸ್ಸಿನ ಹೊರಕವಚವನ್ನು ರೂಪಿಸುವ ‘ಎಲ್1’ ಎಂಬ ವಂಶವಾಹಿಯಲ್ಲಿ ನೂರಕ್ಕೆ ಹತ್ತು ಅಕ್ಷರಗಳಾದರೂ ಬೇರೆಯಾಗಿದ್ದರೆ ಮಾತ್ರ ಅದಕ್ಕೆ ಹೊಸ ಸಂಖ್ಯೆ. ಅದಕ್ಕಿಂತ ಕಡಿಮೆಯಾದರೆ ಅದೇ ಸಂಖ್ಯೆಯೊಳಗಿನ ಕವಲು. ಎಚ್‌ಪಿವಿ 6ರ ಮೇಲೆ 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಆರು ಖಂಡಗಳಿಂದ ಬಂದ 724 ಮಾದರಿಗಳನ್ನು ಪರಿಶೀಲಿಸಿತು. 190 ಮಾದರಿಗಳ ಪೂರ್ಣ ವಂಶವಾಹಿ ಬರಹವನ್ನು ಅಕ್ಷರ ಅಕ್ಷರ ಹೋಲಿಸಿತು. ಕೊನೆಗೆ ಸಿಕ್ಕಿದ್ದು ಎಷ್ಟು ಕವಲು? ಎ ಮತ್ತು ಬಿ ಎಂಬ ಎರಡು, ಬಿ ಒಳಗೆ ಬಿ1ರಿಂದ ಬಿ5ರವರೆಗೆ ಐದು ಉಪಕವಲು. ಇಷ್ಟೇ. ಕವಲುಗಳ ನಡುವಿನ ಅಂತರವೂ ನೂರಕ್ಕೆ ಒಂದೆರಡು ಅಕ್ಷರಗಳ ಮಟ್ಟದ್ದು. ಪ್ರಪಂಚದಲ್ಲೆಲ್ಲ ಬಿ ಕವಲೇ ಹೆಚ್ಚು. ಏಷ್ಯಾದಲ್ಲಿ ಎ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ. ಆಫ್ರಿಕಾ ಮತ್ತು ಅಮೆರಿಕ ಖಂಡಗಳಲ್ಲಿ ಬಿ3. ಕೆಲವು ಉಪಕವಲುಗಳು ಗಂಟಲಿಗಿಂತ ಜನನಾಂಗದಲ್ಲಿ ಹೆಚ್ಚು ಸಿಗುತ್ತವೆ ಎಂಬುದೂ ಅದೇ ಅಧ್ಯಯನದಲ್ಲಿದೆ. ಸಂಶೋಧಕರಿಗೆ ಇವೆಲ್ಲ ರಸವತ್ತಾದ ವಿಷಯ. ನನಗೂ ಹೌದು, ನಿವೃತ್ತಿಯ ನಂತರ ಮಧ್ಯಾಹ್ನಗಳಲ್ಲಿ ಧಾರಾವಾಹಿ ನೋಡುವ ಬದಲು ಇಂಥದ್ದನ್ನೇ ಓದುತ್ತೇನೆ. ಆದರೆ ಚಿಕಿತ್ಸೆಯಲ್ಲಿ ಇದರಿಂದ ಏನೂ ಬದಲಾಗುವುದಿಲ್ಲ. ಎ ಇರಲಿ, ಬಿ ಇರಲಿ, ಸುಡುವುದೂ ಹೆಪ್ಪುಗಟ್ಟಿಸುವುದೂ ಹಚ್ಚುವ ಮುಲಾಮೂ ಒಂದೇ. 11ರಲ್ಲಂತೂ ವೈವಿಧ್ಯ ಇನ್ನೂ ಕಡಿಮೆ.

ಯಾರಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕೋಟ್ಯಂತರ ಜನರಲ್ಲಿ ಹಬ್ಬಿರುವ ವೈರಸ್ಸಿಗೆ ಇರುವುದೇ ಬೆರಳೆಣಿಕೆಯ ಕವಲುಗಳು. ಗಂಡ ಹೆಂಡತಿ ಇಬ್ಬರಲ್ಲೂ ಬಿ1 ಸಿಕ್ಕಿತು ಎನ್ನೋಣ. ಅದರಿಂದ ಸಾಬೀತಾಗುವುದು ಏನೂ ಇಲ್ಲ. ಯಾರು ಯಾರಿಗೆ ದಾಟಿಸಿದರು ಎಂಬ ದಿಕ್ಕಂತೂ ಅದರಲ್ಲಿ ಬರೆದಿರುವುದಿಲ್ಲ. ಬೇರೆ ಬೇರೆ ಸಿಕ್ಕಿತು ಎನ್ನೋಣ. ಒಬ್ಬರ ಮೈಯಲ್ಲೇ ಎಚ್‌ಪಿವಿಯ ಒಂದಕ್ಕಿಂತ ಹೆಚ್ಚು ಬಗೆಗಳು ಇರಬಹುದು, ಒಂದು ಮಾಸಿಹೋಗಿ ಇನ್ನೊಂದು ಉಳಿದಿರಬಹುದು. ಕಾಲದ ಲೆಕ್ಕವೂ ಸಾಕ್ಷಿ ಹೇಳುವುದಿಲ್ಲ. ಸೋಂಕು ತಗುಲಿದ ಕೆಲವು ವಾರಗಳಿಗೆ ನರಹುಲಿ ಏಳಬಹುದು, ಹಲವು ತಿಂಗಳಾಗಬಹುದು, ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆಯೆತ್ತಬಹುದು. ಸೋಂಕಿದ್ದವರಲ್ಲಿ ಬಹಳ ಮಂದಿಗೆ ನರಹುಲಿ ಏಳುವುದೇ ಇಲ್ಲ. ‘ನನಗೆ ಇದೇನೂ ಇಲ್ಲ’ ಎಂದ ಆ ಗಂಡನ ಮೈಯಲ್ಲಿ ಮದುವೆಗೆ ಮೊದಲಿನಿಂದ ವೈರಸ್ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಬಸುರಿನಲ್ಲಿ ರೋಗನಿರೋಧಕ ವ್ಯವಸ್ಥೆ ಬದಲಾಗುವುದರಿಂದ ಮಲಗಿದ್ದ ಸೋಂಕು ಎದ್ದು ನರಹುಲಿ ಬೆಳೆಯುವುದು ನಮಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಆ ಹೆಣ್ಣುಮಗಳಲ್ಲಿ ಆದದ್ದು ಅದೇ ಎನ್ನುವುದಕ್ಕೆ ನನ್ನಲ್ಲಿ ಕಾರಣಗಳಿವೆ. ಆಕೆಯ ಮೇಲೆ ಆರೋಪ ಹೊರಿಸುವುದಕ್ಕೆ ಯಾವ ಪ್ರಯೋಗಾಲಯದಲ್ಲೂ ಕಾರಣ ಸಿಗುವುದಿಲ್ಲ.

ಪ್ರಯೋಗಾಲಯದ ಮಾತು ಬಂದದ್ದರಿಂದ ಇನ್ನೊಂದು ಗೊಂದಲವನ್ನೂ ಹೇಳಬೇಕು. ನಗರಗಳ ಖಾಸಗಿ ಲ್ಯಾಬುಗಳಲ್ಲಿ ಎಚ್‌ಪಿವಿ ಪರೀಕ್ಷೆ ಎಂದು ಸಾಮಾನ್ಯವಾಗಿ ಮಾಡುವುದು ಗರ್ಭಕೊರಳಿನ ಕ್ಯಾನ್ಸರಿಗೆ ಸಂಬಂಧಿಸಿದ ಬಗೆಗಳನ್ನು ಹುಡುಕುವ ಪರೀಕ್ಷೆ. ಅಂಥವುಗಳಲ್ಲಿ ಹೆಚ್ಚಿನವು 6 ಮತ್ತು 11ನ್ನು ನೋಡುವುದೇ ಇಲ್ಲ. ನರಹುಲಿ ಕಣ್ಣಿಗೆ ಕಾಣುತ್ತಿರುವಾಗಲೇ ‘ವೈರಸ್ ಪತ್ತೆಯಾಗಿಲ್ಲ’ ಎಂಬ ವರದಿ ಹಿಡಿದು ಬಂದವರನ್ನು ನಾನು ನೋಡಿದ್ದೇನೆ. ಒಬ್ಬ ಯುವಕ ಅದನ್ನು ಲ್ಯಾಮಿನೇಟ್ ಮಾಡಿಸಿ, ಮಾವನಿಗೆ ತೋರಿಸಲು ಇಟ್ಟುಕೊಂಡಿದ್ದ! ನರಹುಲಿಯನ್ನು ಗುರುತಿಸಲು ವೈರಸ್ ಪರೀಕ್ಷೆ ಬೇಕಿಲ್ಲ; ಅನುಭವವಿರುವ ಕಣ್ಣು ಸಾಕು, ಅನುಮಾನವಿದ್ದರೆ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಮಾಡಿಸಲೇಬೇಕಾದ ರಕ್ತಪರೀಕ್ಷೆಗಳು ಬೇರೆ ಇವೆ: ಸಿಫಿಲಿಸ್‌ಗೆ ಮತ್ತು ಎಚ್‌ಐವಿಗೆ. ಸಿಫಿಲಿಸ್‌ನ ಎರಡನೇ ಹಂತದಲ್ಲಿ ಏಳುವ ಚಪ್ಪಟೆ, ಒದ್ದೆ ಗಂಟುಗಳು ನರಹುಲಿಯೆಂದೇ ಮೋಸಗೊಳಿಸುತ್ತವೆ, ಅದಕ್ಕೆ ಔಷಧಿ ಪೆನಿಸಿಲಿನ್.

ಲೇಖನದ ಇನ್ನೊಂದು ಸಾಲು ‘ನರಹುಲಿ ಕ್ಯಾನ್ಸರಿನ ಮೊದಲ ಮೆಟ್ಟಿಲು’ ಎಂದಿತ್ತು. ವಂಶವಾಹಿಯ ವ್ಯತ್ಯಾಸ ನಿಜವಾಗಿ ಮುಖ್ಯವಾಗುವುದು ಇಲ್ಲಿ. 16 ಮತ್ತು 18ರ ಇ6, ಇ7 ಎಂಬ ಪ್ರೋಟೀನುಗಳು ನಮ್ಮ ಜೀವಕೋಶದ ಬೆಳವಣಿಗೆಗೆ ತಡೆಹಾಕುವ ಕಾವಲು ಪ್ರೋಟೀನುಗಳನ್ನು ಹಾಳುಗೆಡವುತ್ತವೆ. 6 ಮತ್ತು 11ರಲ್ಲೂ ಅದೇ ಹೆಸರಿನ ಪ್ರೋಟೀನುಗಳಿವೆ, ಆದರೆ ಅವಕ್ಕೆ ಆ ಬಲವಿಲ್ಲ. ಚರ್ಮವನ್ನು ದಪ್ಪಗೆ ಬೆಳೆಸಿ ಅಲ್ಲಿಗೆ ನಿಲ್ಲುತ್ತವೆ. ಬಹಳ ಅಪರೂಪಕ್ಕೆ, ವರ್ಷಗಟ್ಟಲೆ ಬಿಟ್ಟಾಗ ಅಥವಾ ರೋಗನಿರೋಧಕ ಶಕ್ತಿ ಕುಂದಿದಾಗ, ಭಾರಿ ಗೆಡ್ಡೆಯಾಗಿ ಬೆಳೆದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ತಾಯಿಯಿಂದ ಹೆರಿಗೆಯಲ್ಲಿ ಮಗುವಿನ ಗಂಟಲಿಗೆ ಸೋಂಕು ದಾಟುವುದೂ ಉಂಟು, ಅದೂ ಅಪರೂಪ. ನರಹುಲಿ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಮಾಡಬೇಕಿಲ್ಲ. ನರಹುಲಿ ಇರುವ ಹೆಂಗಸಿಗೆ 16 ಕೂಡ ತಗುಲಿರುವ ಸಾಧ್ಯತೆ ಇದೆ, ಆದ್ದರಿಂದ ವಯಸ್ಸಿಗೆ ತಕ್ಕಂತೆ ಗರ್ಭಕೊರಳಿನ ತಪಾಸಣೆ ಎಲ್ಲರಂತೆ ಆಕೆಗೂ ಬೇಕು. ಆದರೆ 6 ಎಂಬುದು ರೂಪ ಬದಲಿಸಿ 16 ಆಗುವುದಿಲ್ಲ.

ಲಸಿಕೆಗೆ ಬರೋಣ. ಎಚ್‌ಪಿವಿಯ ನಾಲ್ಕು ಬಗೆಗಳನ್ನು ತಡೆಯುವ ಲಸಿಕೆ 2006ರಲ್ಲಿ ಬಂತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ನಮ್ಮ ದೇಶದ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. ಎರಡರಲ್ಲೂ 6, 11, 16, 18 ಈ ನಾಲ್ಕರ ವಿರುದ್ಧ ರಕ್ಷಣೆ ಇದೆ. ಅರ್ಧ ಲಸಿಕೆ ನರಹುಲಿಗಾಗಿಯೇ ಇರುವುದು! ಜಾಹೀರಾತುಗಳಲ್ಲೂ ಭಾಷಣಗಳಲ್ಲೂ ಕ್ಯಾನ್ಸರ್ ಮಾತ್ರ ಬರುತ್ತದೆ, ನರಹುಲಿಯ ಹೆಸರೆತ್ತಲು ಎಲ್ಲರಿಗೂ ನಾಚಿಕೆ. ಕವಲುಗಳು ಲಸಿಕೆಯನ್ನು ಸೋಲಿಸುವುದಾದರೆ ಅದು ಆಸ್ಟ್ರೇಲಿಯಾದಲ್ಲಿ ಮೊದಲು ಕಾಣಬೇಕಿತ್ತು. ಅಲ್ಲಿ 2007ರಲ್ಲಿ ಹೆಣ್ಣುಮಕ್ಕಳಿಗೆ ಈ ಲಸಿಕೆ ಕೊಡಲು ಶುರು ಮಾಡಿದರು. ಲೈಂಗಿಕ ಆರೋಗ್ಯ ಕ್ಲಿನಿಕ್ಕುಗಳಿಗೆ ಬಂದ 21 ವರ್ಷದೊಳಗಿನ ಹುಡುಗಿಯರಲ್ಲಿ 2007ರಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಮಂದಿಗೆ ನರಹುಲಿ ಇತ್ತು. 2011ರ ಹೊತ್ತಿಗೆ ಅದು ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಲಸಿಕೆ ಪಡೆಯದ ಅದೇ ವಯಸ್ಸಿನ ಹುಡುಗರಲ್ಲೂ ಇಳಿಯಿತು, ಹುಡುಗಿಯರಿಂದ ಅವರಿಗೆ ದಾಟುವ ದಾರಿ ಮುಚ್ಚಿದ್ದರಿಂದ. ಆ ದೇಶದಲ್ಲಿ ಎ ಕವಲೂ ಇತ್ತು, ಬಿ ಕವಲೂ ಇತ್ತು. ಕವಚದ ಪ್ರೋಟೀನಿನಲ್ಲಿ ಲಸಿಕೆ ಗುರುತಿಸುವ ಭಾಗಗಳು ಹೆಚ್ಚು ಬದಲಾಗಿಲ್ಲವೆಂದೇ ಈ ಫಲ. ಒಂದು ಎಚ್ಚರಿಕೆ ಮಾತ್ರ: ಲಸಿಕೆ ಮುಂದೆ ಬರುವುದನ್ನು ತಡೆಯುತ್ತದೆ, ಈಗಾಗಲೇ ಎದ್ದಿರುವ ನರಹುಲಿಯನ್ನು ಉದುರಿಸುವುದಿಲ್ಲ.

ನಿಮ್ಮ ಲೇಖನ ಹುಟ್ಟಿಸಿದ ಹೆದರಿಕೆಯ ಫಲ ಏನೆಂದು ನನಗೆ ಗೊತ್ತು. ಹೆದರಿದವರು ವೈದ್ಯರ ಬಳಿ ಬರುವುದಿಲ್ಲ. ಸುಣ್ಣ ಸೋಡಾ ಕಲಸಿ ಹಚ್ಚಿಕೊಳ್ಳುತ್ತಾರೆ. ನಮ್ಮ ಮಲೆನಾಡಿನ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಕೈಬೆರಳಿನ ಮೇಲೆ ಅದು ಹೇಗೋ ನಡೆದೀತು. ತೊಡೆಸಂದಿಯ ತೆಳು ಚರ್ಮದ ಮೇಲೆ ಅದರ ಗತಿ ಏನಾಗುತ್ತದೆಂದು ವಿವರಿಸಿದರೆ ನಿಮ್ಮ ಓದುಗರಿಗೆ ಬೆಳಗಿನ ಕಾಫಿ ಸೇರಲಿಕ್ಕಿಲ್ಲ. ನಾಗನಿಗೆ ಹರಕೆ ಹೊತ್ತವರ ಬಗ್ಗೆ ನನಗೆ ತಕರಾರಿಲ್ಲ. ಕೆಲವರಲ್ಲಿ ನರಹುಲಿ ತಾನಾಗಿಯೇ ಉದುರುತ್ತದೆ, ಆ ಕೀರ್ತಿ ನಾಗನಿಗೇ ಸೇರಲಿ. ಹರಕೆ ಹೊತ್ತವರು ಕನಿಷ್ಠ ಸುಟ್ಟುಕೊಂಡು ಬರುವುದಿಲ್ಲ.

ಆ ದಂಪತಿಯ ವಿಷಯ. ಗರ್ಭಿಣಿಗೆ ನರಹುಲಿಯ ಔಷಧಿಯಾದ ಪೊಡೊಫಿಲಿನ್ ಹಚ್ಚುವಂತಿಲ್ಲ, ಹಾಗಾಗಿ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆ ಶುರು ಮಾಡಿದ್ದೇನೆ. ಮರುಕಳಿಸಬಹುದು, ಹೆರಿಗೆಯಾದ ಮೇಲೆ ಬಹುಪಾಲು ಕುಗ್ಗುತ್ತದೆ ಎಂದು ಇಬ್ಬರನ್ನೂ ಎದುರಿಗೆ ಕೂರಿಸಿ ಹೇಳಿದ್ದೇನೆ. ಗಂಡನನ್ನೂ ಪರೀಕ್ಷಿಸಿದೆ, ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದೆ. ಆತ ಕೆಟ್ಟ ಮನುಷ್ಯನಲ್ಲ. ಅಚ್ಚಿನಲ್ಲಿ ಬಂದದ್ದನ್ನು ನಂಬಿದ್ದ, ಅಷ್ಟೇ. ಮುಂದಿನ ವಾರ ತಾನೇ ಕರೆದುಕೊಂಡು ಬರುತ್ತೇನೆ ಎಂದಿದ್ದಾನೆ. ಅತ್ತೆಗೆ ಏನು ಹೇಳಬೇಕೆಂದು ಕೇಳಿದ, ‘ಚರ್ಮದ ತೊಂದರೆ ಎನ್ನಿ, ಸುಳ್ಳೇನಲ್ಲವಲ್ಲ’ ಎಂದೆ.

ನನ್ನ ಕೋರಿಕೆ ಇಷ್ಟು. ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಎರಡು ಸಾಲಿಗೆ ಮುಗಿಸದೆ ಅದೇ ಆರೋಗ್ಯ ಪುಟದಲ್ಲಿ ಪ್ರಕಟಿಸಿ. ಯಾರಿಂದ ಬಂತು ಎಂದು ಹೇಳುವ ಪರೀಕ್ಷೆ ಇಲ್ಲ ಎಂಬ ವಾಕ್ಯ ಅದರಲ್ಲಿ ಮೊದಲು ಇರಲಿ. ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕಿನಲ್ಲಿ ಈ ಕಾಯಿಲೆಗಳಿಗೆ ಹಣ ಪಡೆಯದೆ, ಗುಟ್ಟು ಕಾಪಾಡಿ ಸಲಹೆ ಮತ್ತು ತಪಾಸಣೆ ನೀಡುತ್ತಾರೆ ಎಂಬುದನ್ನೂ ಸೇರಿಸಿ. ಎಷ್ಟೋ ಮಂದಿಗೆ ಅಂಥ ಕೋಣೆಯೊಂದು ಇದೆ ಎಂಬುದೇ ತಿಳಿದಿಲ್ಲ.

ಇತಿ,
ನಿವೃತ್ತ ಚರ್ಮರೋಗ ತಜ್ಞೆ, ಶಿವಮೊಗ್ಗ
(ರೋಗಿಗಳ ಗುರುತು ಬಯಲಾಗಬಾರದೆಂದು ಹೆಸರನ್ನು ಪ್ರಕಟಿಸಬಾರದಾಗಿ ಕೋರಿದ್ದೇನೆ)