ಮೂವರು ಬದುಕಿದ ದೋಣಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಭಾನುವಾರ ಫೋನಿನಲ್ಲಿ ನೀನು ಆ ಟ್ರಾಮಿನ ಪ್ರಶ್ನೆ ಕೇಳಿದಾಗ ನಾನು ಉತ್ತರ ಕೊಡದೆ ಬೇರೆ ಮಾತಿಗೆ ಹೋದೆ. ಬ್ರೇಕ್ ಹಿಡಿಯದ ಟ್ರಾಮ್, ಎದುರಿನ ಹಳಿಯಲ್ಲಿ ಕೆಲಸ ಮಾಡುತ್ತಿರುವ ಐವರು, ಪಕ್ಕದ ಹಳಿಯಲ್ಲಿ ಒಬ್ಬ. ಚಾಲಕ ತಿರುಗಿಸಬೇಕೋ ಬೇಡವೋ? “ಐದು ಜೀವಕ್ಕಿಂತ ಒಂದು ಜೀವ ದೊಡ್ಡದೇ? ಇದರಲ್ಲಿ ಯೋಚಿಸುವುದೇನಿದೆ?” ಎಂದು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಟ್ರಾಮನ್ನು ನಾನೂ ತಿರುಗಿಸುವವನೇ. ಆದರೆ ನೀನು ಕೊಟ್ಟ ಕಾರಣಕ್ಕಲ್ಲ. ಆ ಕಾರಣವನ್ನು ಒಪ್ಪಿಕೊಂಡರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಎಂದು ನೆನೆದರೆ ನನಗೆ ಭಯವಾಗುತ್ತದೆ.

1884ರ ಜುಲೈ ತಿಂಗಳಲ್ಲಿ, ಇಂಗ್ಲೆಂಡಿನಿಂದ ಸಿಡ್ನಿಗೆ ಹೊರಟಿದ್ದ ಮಿನ್ಯೊನೆಟ್ ಎಂಬ ಸಣ್ಣ ಹಾಯಿಹಡಗು ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಕಪ್ತಾನ ಡಡ್ಲಿ, ಸ್ಟೀಫನ್ಸ್, ಬ್ರೂಕ್ಸ್ ಮತ್ತು ಹದಿನೇಳರ ಹುಡುಗ ರಿಚರ್ಡ್ ಪಾರ್ಕರ್, ಈ ನಾಲ್ವರು ತೆರೆದ ದೋಣಿಯೊಂದನ್ನು ಹತ್ತಿಕೊಂಡರು. ತಿನ್ನಲು ಎರಡು ಡಬ್ಬಿ ಟರ್ನಿಪ್ ಗೆಡ್ಡೆ, ನಡುವೆ ಸಿಕ್ಕಿದ ಒಂದು ಆಮೆ. ಕುಡಿಯಲು, ಮಳೆ ಬಂದಾಗ ತಮ್ಮ ಮೇಲಂಗಿಗಳಲ್ಲಿ ಹಿಡಿದುಕೊಂಡಷ್ಟು ನೀರು. ಇಪ್ಪತ್ತನೆಯ ದಿನದ ಹೊತ್ತಿಗೆ, ದಾಹ ತಡೆಯಲಾರದೆ ಸಮುದ್ರದ ನೀರು ಕುಡಿದಿದ್ದ ಹುಡುಗ ದೋಣಿಯ ತಳದಲ್ಲಿ ಕೈಕಾಲು ಆಡದೆ ಬಿದ್ದಿದ್ದ. ಒಬ್ಬನನ್ನು ಕೊಂದು ತಿಂದು ಉಳಿದವರು ಬದುಕೋಣ, ಯಾರೆಂದು ಚೀಟಿ ಎತ್ತೋಣ ಎಂಬ ಮಾತು ಬಂದಿತ್ತು, ಬ್ರೂಕ್ಸ್ ಒಪ್ಪಲಿಲ್ಲ, ಚೀಟಿ ಎತ್ತಲೂ ಇಲ್ಲ. ನಮಗೆ ಸಂಸಾರವಿದೆ, ಹುಡುಗನನ್ನು ಕೊಂದು ನಾವು ಬದುಕುವುದು ಮೇಲು ಎಂದು ಉಳಿದಿಬ್ಬರು ಮಾತಾಡಿಕೊಂಡರು. ಡಡ್ಲಿ ದೇವರಲ್ಲಿ ಕ್ಷಮೆ ಬೇಡಿ, ಹುಡುಗನ ಬಳಿ ಹೋಗಿ, ನಿನ್ನ ಕಾಲ ಬಂದಿದೆ ಎಂದು ಹೇಳಿ, ಕುತ್ತಿಗೆಗೆ ಚಾಕು ಹಾಕಿದ. ಅದಾದ ನಾಲ್ಕನೆಯ ದಿನ ಹಡಗೊಂದು ಬಂದು ಮೂವರನ್ನು ಎತ್ತಿಕೊಂಡಿತು.

ನಿನ್ನ ಲೆಕ್ಕದ ಪ್ರಕಾರ ಇದು ಸರಿಯಾಗಿಯೇ ಇದೆ: ಹೋದದ್ದು ಒಂದು, ಉಳಿದದ್ದು ಮೂರು. ಆದರೆ ಮುಂದೆ ನಡೆದ ಕೊಲೆ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶ ಲಾರ್ಡ್ ಕೋಲ್ರಿಜ್, ಜೀವಗಳ ಬೆಲೆಯನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೀರಿ, ಅಳೆಯುವವರು ಯಾರು ಎಂದು ಕೇಳಿದರು. ಆರಿಸಿದ್ದು ಎಲ್ಲರಿಗಿಂತ ಚಿಕ್ಕವನನ್ನು, ಎಲ್ಲರಿಗಿಂತ ನಿತ್ರಾಣನಾದವನನ್ನು, ಎದುರು ನಿಲ್ಲಲಾರದವನನ್ನು ಎಂಬುದನ್ನೂ ಅವರು ಎತ್ತಿ ಹೇಳಿದರು. ಡಡ್ಲಿ ಮತ್ತು ಸ್ಟೀಫನ್ಸ್‌ಗೆ ಮರಣದಂಡನೆಯಾಗಿ, ಅನಂತರ ಅದು ಆರು ತಿಂಗಳ ಸೆರೆವಾಸಕ್ಕೆ ಇಳಿಯಿತು. ಇಪ್ಪತ್ತು ದಿನ ಆ ದೋಣಿಯಲ್ಲಿ ಬೆಂದವರನ್ನು ನೇಣಿಗೇರಿಸಬೇಕೆಂದು ನಾನೂ ಹೇಳಲಾರೆ. ಮಾಡಿದ್ದು ಸರಿಯೆಂದು ಮಾತ್ರ ಒಪ್ಪಲಾರೆ.

ಹಾಗಾದರೆ ಟ್ರಾಮನ್ನು ಏಕೆ ತಿರುಗಿಸಬಹುದು? ನಿನಗೆ ಅಚ್ಚರಿಯಾಗಬಹುದು, ತತ್ತ್ವಶಾಸ್ತ್ರಜ್ಞೆ ಫಿಲಿಪಾ ಫೂಟ್ 1967ರಲ್ಲಿ ಆ ಟ್ರಾಮಿನ ಪ್ರಶ್ನೆಯನ್ನು ಮುಂದಿಡುವುದಕ್ಕೆ ನೂರು ವರ್ಷ ಮೊದಲೇ, 1860ರ ಭಾರತೀಯ ದಂಡ ಸಂಹಿತೆಯ 81ನೇ ಕಲಮಿನಲ್ಲಿ ಇಂಥದೇ ಉದಾಹರಣೆಯಿತ್ತು. ಈಗಿನ ನ್ಯಾಯ ಸಂಹಿತೆಯ 19ನೇ ಕಲಮಿನಲ್ಲಿಯೂ ಇದೆ. ತನ್ನ ತಪ್ಪಿಲ್ಲದೆ, ನಿಲ್ಲಿಸಲಾಗದ ಹಡಗಿನ ಕಪ್ತಾನನೊಬ್ಬನ ಮುಂದೆ ಇಪ್ಪತ್ತು ಮೂವತ್ತು ಜನರಿರುವ ದೋಣಿಯಿದೆ. ಹಡಗನ್ನು ತಿರುಗಿಸಿದರೆ ಇಬ್ಬರೇ ಇರುವ ಇನ್ನೊಂದು ದೋಣಿಗೆ ಡಿಕ್ಕಿ ಹೊಡೆಯುವ ಅಪಾಯವಿದೆ, ಆದರೆ ಅದನ್ನು ತಪ್ಪಿಸಿಕೊಂಡು ಹೋಗಲೂಬಹುದು. ಆ ಸಣ್ಣ ದೋಣಿಗೆ ಡಿಕ್ಕಿ ಹೊಡೆಯುವ ಉದ್ದೇಶವಿಲ್ಲದೆ ಸದ್ಭಾವನೆಯಿಂದ ತಿರುಗಿಸಿದ್ದರೆ, ಮತ್ತು ತಪ್ಪಿಸಹೊರಟ ಅಪಾಯ ಅವನನ್ನು ಕ್ಷಮಿಸುವಂಥದ್ದೇ ಆಗಿದ್ದರೆ, ಅವನು ಅಪರಾಧಿಯಲ್ಲ. ನನಗೆ ಎಲ್ಲವೂ ಆ ‘ಹೋಗಲೂಬಹುದು’ ಎಂಬಲ್ಲಿಯೇ ಇದೆ. ಪಕ್ಕದ ಹಳಿಯವನು ಸುರಂಗದ ಗೋಡೆಗೆ ಆತುಕೊಂಡು ಉಳಿದುಕೊಳ್ಳಬಹುದಲ್ಲವೇ ಎಂದು ಫೂಟ್ ಕೂಡ ಬರೆದಿದ್ದಾರೆ. ಅವನು ಉಳಿದರೆ ಚಾಲಕ ದೇವರಿಗೆ ಕೈಮುಗಿಯುತ್ತಾನೆ. ಪಾರ್ಕರ್ ಆ ದಿನ ಹೇಗಾದರೂ ಕೈತಪ್ಪಿ ಉಳಿದಿದ್ದರೆ ದೋಣಿಯವರ ಆಸೆಯೇ ಮುರಿದುಬೀಳುತ್ತಿತ್ತು, ಏಕೆಂದರೆ ಅವರಿಗೆ ಬೇಕಾಗಿದ್ದುದು ಅವನ ಸಾವೇ.

ಬ್ರೂಕ್ಸನ ವಿಷಯ ಮಾತ್ರ ನನಗೆ ಬಗೆಹರಿದಿಲ್ಲ. ಕೊಲ್ಲುವುದಕ್ಕೆ ಅವನು ಒಪ್ಪಲಿಲ್ಲ, ಆದರೆ ಬಳಿಕ ಉಳಿದವರ ಜೊತೆ ಹುಡುಗನ ಮಾಂಸದಲ್ಲಿ ಪಾಲು ತೆಗೆದುಕೊಂಡ. ಅವನಿಗೆ ಶಿಕ್ಷೆಯಾಗಲಿಲ್ಲ, ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ. ಮುಂದಿನ ಭಾನುವಾರ ಫೋನ್ ಮಾಡಿದಾಗ, ಅವನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ ಎಂಬುದನ್ನು ಹೇಳು.

ನಿನ್ನ ಗೆಳೆಯ