ಡೀಸೆಲ್ ಫಿಲ್ಟರ್ ಹಾಕಿದ ಮಾರನೇ ದಿನದಿಂದ ಇಂಜಿನ್ ಮಿಸ್ಸಿಂಗ್ (ಒಂದೇ ಸಮ ಓಡ್ದೇ ನಡುಗೋದು), ಅದಕ್ಕೆ ನಿಮ್ಮ 13,000 ರೂಪಾಯಿ ಬಿಲ್

ಕಸ್ಟಮರ್ ಕೇರ್ ಮ್ಯಾನೇಜರ್ ಅವರಿಗೆ,

ವಿಷಯ: ನಿಮ್ಮ ಹಾಸನದ ಸರ್ವಿಸ್ ಸೆಂಟರ್‌ನಲ್ಲಿ ತಪ್ಪು ರಿಪೇರಿ ಮಾಡಿ ತಗೊಂಡಿರೋ ದುಡ್ಡು ವಾಪಸ್ ಕೊಡೋ ಬಗ್ಗೆ

ನಮಸ್ಕಾರ ಸರ್. ಫೋನಲ್ಲಿ ಮೂರು ಸಲ ಹೇಳಿ ಸಾಕಾಯ್ತು, ಪ್ರತಿ ಸಲನೂ ಬೇರೆ ಯಾರೋ ಎತ್ಕೊಂಡು ಗಾಡಿ ನಂಬರ್ ಹೇಳಿ ಅಂತ ಮೊದಲಿಂದ ಶುರು ಮಾಡ್ತಾರೆ, ಅದಕ್ಕೆ ಬರೆದೇ ಬಿಡೋಣ ಅಂತ ಕೂತಿದೀನಿ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನದು 2011ರ ಡೀಸೆಲ್ ಗಾಡಿ, 1248 ಸಿಸಿ, ಎರಡು ಮೂರು ಕಂಪನಿ ಕಾರುಗಳಲ್ಲಿ ಬಂತಲ್ಲ ಆ ಫಿಯಟ್ ಕಾಮನ್ ರೈಲ್ (ಎಲ್ಲಾ ಸಿಲಿಂಡರ್‌ಗೂ ಒಂದೇ ಹೈ ಪ್ರೆಶರ್ ಪೈಪಿಂದ ಡೀಸೆಲ್ ಹೋಗೋ) ಇಂಜಿನ್ನೇ. 1,62,000 ಕಿಲೋಮೀಟರ್ ಓಡಿದೆ. ನವೆಂಬರ್ 9ಕ್ಕೆ ಮಾಮೂಲಿ ಸರ್ವಿಸಿಗೆ ಬಿಟ್ಟಾಗ ಯಾವ ತೊಂದ್ರೆನೂ ಇರ್ಲಿಲ್ಲ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಾಯಿಸಿ ಸಂಜೆ ಕೊಟ್ರಿ, ಮನೆಗೆ ಚೆನ್ನಾಗೇ ಬಂತು. ಮಾರನೇ ದಿನ ಬೆಳಗ್ಗೆ ಎಂಟ್ಹತ್ತು ಸೆಕೆಂಡ್ ಸೆಲ್ಫ್ ಹೊಡೆದ್ಮೇಲೆ ಸ್ಟಾರ್ಟ್ ಆಯ್ತು, ಬಿಳಿ ಹೊಗೆ ಬೇರೆ, ಸ್ಟೀರಿಂಗ್, ಗೇರ್ ಲಿವರ್, ಡ್ಯಾಶ್‌ಬೋರ್ಡ್ ಮೇಲಿದ್ದ ಗಣಪತಿ ಎಲ್ಲಾ ಗಡಗಡ ನಡುಗ್ತಿದ್ವು. ಆರ್‌ಪಿಎಂ ಮುಳ್ಳು 700ಕ್ಕೂ 900ಕ್ಕೂ ಮಧ್ಯ ಕುಣೀತಿತ್ತು. ಸ್ವಲ್ಪ ರೇಸ್ ಕೊಟ್ಟು 1500 ದಾಟಿದ್ರೆ ಸರಿ, ಕಾಲು ಬಿಟ್ರೆ ಮತ್ತೆ ಅದೇ.

11ಕ್ಕೆ ವಾಪಸ್ ತಂದೆ. ಸರ್ವಿಸ್ ಆದ್ಮೇಲೇ ಹಿಂಗಾಗಿದ್ದು ಅಂತ ನಿಮ್ಮ ಅಡ್ವೈಸರ್‌ಗೆ ನಿಂತಲ್ಲೇ ಹೇಳ್ದೆ, ಜಾಬ್ ಕಾರ್ಡಲ್ಲಿ ಬರ್ಕೊಳ್ಳಿ ಅಂತಾನೂ ಹೇಳ್ದೆ. ಅವ್ರು ಬರ್ದಿದ್ದು 'ವೈಬ್ರೇಷನ್' ಅಂತ ಒಂದೇ ಪದ. ಆಮೇಲೆ ಬಾನೆಟ್ ಎತ್ತಿ ಒಂದ್ನಿಮಿಷ ನೋಡಿ ಇಂಜಿನ್ ಮೌಂಟಿಂಗ್ (ಇಂಜಿನ್ ಕೂರಿಸೋ ರಬ್ಬರ್ ಬುಡ) ಹೋಗಿದೆ ಸರ್ ಅಂದ್ರು. ಮೌಂಟಿಂಗ್ ಹೋದ್ರೆ ಗಾಡಿ ನಡುಗುತ್ತೆ ಒಪ್ಕೊಳ್ಳೋಣ, ಆದ್ರೆ ಆರ್‌ಪಿಎಂ ಮುಳ್ಳು ಯಾಕೆ ಕುಣಿಯುತ್ತೆ, ಬೆಳಗ್ಗೆ ಸ್ಟಾರ್ಟಿಂಗ್ ಯಾಕೆ ತೊಂದ್ರೆ ಕೊಡುತ್ತೆ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ಮೌಂಟಿಂಗ್ 6,400. ಸರಿ ಹೋಗ್ಲಿಲ್ಲ. ಆಮೇಲೆ ಇಜಿಆರ್ (ಹೊಗೆ ಸ್ವಲ್ಪ ಇಂಜಿನ್ನಿಗೇ ವಾಪಸ್ ಕಳಿಸೋ ವಾಲ್ವ್) ಕ್ಲೀನಿಂಗ್ 1,800, ಇಂಜೆಕ್ಟರ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸೋದು) ಕ್ಲೀನಿಂಗ್ 4,800. ಅದಕ್ಕೂ ಸರಿ ಹೋಗ್ಲಿಲ್ಲ. ಕೊನೆಗೆ ನಾಲ್ಕೂ ಇಂಜೆಕ್ಟರ್ ಹೊಸದೇ ಹಾಕ್ಬೇಕು, 62,000 ಆಗುತ್ತೆ ಅಂತ ಎಸ್ಟಿಮೇಟ್ ಕೈಗಿಟ್ರು. ಯಾವ ಇಂಜೆಕ್ಟರ್ ಹೋಗಿದೆ ಅಂದ್ರೆ 'ಎಲ್ಲಾ ವೀಕ್ ಸರ್'. ಸ್ಕ್ಯಾನರ್ ಹಾಕಿದ್ರಲ್ಲ, ಒಂದೊಂದು ಸಿಲಿಂಡರ್‌ಗೂ ಕರೆಕ್ಷನ್ (ಡೀಸೆಲ್ ಹೆಚ್ಚು ಕಮ್ಮಿ ಮಾಡಿ ಕಂಪ್ಯೂಟರ್ ಸರಿದೂಗಿಸೋ ಲೆಕ್ಕ) ಎಷ್ಟು ತೋರಿಸ್ತು, ಪ್ರಿಂಟ್ ಕೊಡಿ ಅಂದ್ರೆ ಅದನ್ನ ಕಸ್ಟಮರ್‌ಗೆ ಕೊಡಲ್ವಂತೆ. ನಮ್ಮ ಗಾಡಿ ರಿಪೋರ್ಟು ನಮಗೇ ಕೊಡಲ್ವಂತೆ!

ಇನ್ನೊಂದು. ಅಲ್ಲಿದ್ದ ಹುಡುಗ ಒಬ್ಬ ಇಂಜಿನ್ ಓಡ್ತಿರುವಾಗ್ಲೇ ಇಂಜೆಕ್ಟರ್ ಪೈಪಿನ ನಟ್‌ಗೆ ಸ್ಪ್ಯಾನರ್ ಹಾಕೋಕೆ ಹೋದ, ನಾನೇ ಕೂಗಿ ನಿಲ್ಲಿಸ್ದೆ. ಹಳೇ ಅಂಬಾಸಿಡರ್ ಡೀಸೆಲ್ ಕಾಲದಲ್ಲಿ ಹಂಗೆ ಲೂಸ್ ಮಾಡಿ ಯಾವ ಸಿಲಿಂಡರ್ ಮಿಸ್ಸಿಂಗ್ ಅಂತ ನೋಡ್ತಿದ್ರು ನಿಜ, ಆದ್ರೆ ಕಾಮನ್ ರೈಲ್‌ನಲ್ಲಿ ಸ್ಲೋ ಸ್ಪೀಡಲ್ಲೇ ನೂರಾರು ಬಾರ್ ಪ್ರೆಶರ್ ಇರುತ್ತೆ, ಡೀಸೆಲ್ ಚಿಮ್ಮಿದ್ರೆ ಚರ್ಮ ತೂರ್ಕೊಂಡು ಒಳಗೆ ಹೋಗುತ್ತೆ. ಅವನಿಗೆ ಬೈಬೇಡಿ, ಅವನಿಗೆ ಕಲಿಸ್ದೇ ಬಿಟ್ಟೋರನ್ನ ಕೇಳಿ.

62,000 ಕೇಳಿ ತಲೆ ಕೆಟ್ಟು ನಮ್ಮ ಏರಿಯಾದ ಹಳೇ ಮೆಕ್ಯಾನಿಕ್ ಒಬ್ರ ಹತ್ರ ಹೋದೆ. ಅವ್ರು ಮೊದಲು ಕೇಳಿದ್ದೇ 'ಯಾವತ್ತಿಂದ ಸಾರ್, ಅದಕ್ಕೂ ಮುಂಚೆ ಏನ್ ಕೆಲಸ ಮಾಡ್ಸಿದ್ರಿ' ಅಂತ. ಇಂಜೆಕ್ಟರ್ ವೈರಿನ ಪ್ಲಗ್ ಒಂದೊಂದಾಗಿ ತೆಗೆದು ಹಾಕಿ ಸದ್ದು ಕೇಳಿದ್ರು, ನಾಲ್ಕಕ್ಕೂ ಇಂಜಿನ್ ಒಂದೇ ಥರ ಕುಸೀತು, ಅಂದ್ರೆ ಸತ್ತಿರೋ ಸಿಲಿಂಡರ್ ಯಾವುದೂ ಇಲ್ಲ. ಆಮೇಲೆ ಇಂಜೆಕ್ಟರಿಂದ ಮಿಕ್ಕ ಡೀಸೆಲ್ ವಾಪಸ್ ಹೋಗೋ ರಿಟರ್ನ್ ಪೈಪ್ ಬಿಚ್ಚಿ ನಾಲ್ಕು ಸಣ್ಣ ಬಾಟಲಿ ಕಟ್ಟಿ ಓಡಿಸಿದ್ರು, ನಾಲ್ಕೂ ಹೆಚ್ಚು ಕಮ್ಮಿ ಒಂದೇ ಸಮ ತುಂಬ್ತು, ಯಾವುದಾದ್ರೂ ಇಂಜೆಕ್ಟರ್ ಹೋಗಿದ್ರೆ ಅದರ ಬಾಟಲಿ ಬೇಗ ತುಂಬ್ಬೇಕಿತ್ತು. ನಾಜಲ್ (ಇಂಜೆಕ್ಟರ್) ಅಲ್ಲ ಸಾರ್, ಡೀಸೆಲ್ ಲೈನು ಏರ್ ಎಳೀತಿದೆ ಅಂದ್ರು. ಗಾಡಿ ರಾತ್ರಿ ಅಲ್ಲೇ ಬಿಟ್ಟೆ. ಬೆಳಗ್ಗೆ ಲೈನಿಗೆ ಡೀಸೆಲ್ ತುಂಬಿಸೋ ಕೈಪಂಪ್ ಒತ್ತಿದ್ರೆ ಹದಿನೈದು ಸಲ ಮೆತ್ತಗೆ ಹೋಗಿ ಆಮೇಲೆ ಗಟ್ಟಿ ಆಯ್ತು, ಹಂಗೆ ಒತ್ತಿ ಸೆಲ್ಫ್ ಹೊಡೆದ್ರೆ ತಕ್ಷಣ ಸ್ಟಾರ್ಟ್! ಫಿಲ್ಟರ್‌ಗೂ ಪಂಪ್‌ಗೂ ಮಧ್ಯ ಒಂದು ಗೇಣು ಟ್ರಾನ್ಸ್‌ಪರೆಂಟ್ ಪೈಪ್ ಹಾಕಿ ತೋರಿಸಿದ್ರು, ಸೋಡಾ ಬಾಟಲಿ ಥರ ಗುಳ್ಳೆ ಸಾಲು ಸಾಲಾಗಿ ಹೋಗ್ತಿತ್ತು.

ಫಿಲ್ಟರ್ ಬಿಚ್ಚಿದ್ರೆ, ಕೆಳಗೆ ನೀರಿನ ಸೆನ್ಸರ್ ತಿರುಗಿಸಿ ಕೂರಿಸ್ತಾರಲ್ಲ ಆ ಜಾಗದ ಓ ರಿಂಗ್ (ಸೋರದೇ ಇರೋಕೆ ಹಾಕೋ ರಬ್ಬರ್ ಬಳೆ) ತಿರುಚ್ಕೊಂಡು ಒಂದು ಕಡೆ ಕಚ್ಚಿ ಹೋಗಿದೆ, ಉಗುರಲ್ಲಿ ಎತ್ತಿದ್ರೆ ಅರ್ಧ ಕಟ್ಟಾಗಿರೋದು ಕಾಣುತ್ತೆ. ಈ ಗಾಡೀಲಿ ಟ್ಯಾಂಕೊಳಗೆ ಪಂಪ್ ಇಲ್ಲ, ಇಂಜಿನ್ ಪಕ್ಕದ ಪಂಪೇ ಎಳ್ಕೋಬೇಕು, ಅದಕ್ಕೆ ಡೀಸೆಲ್ ಹೊರಗೆ ಸೋರ್ದೇ ಗಾಳಿ ಒಳಗೆ ಹೋಗ್ತಿತ್ತು, ರಾತ್ರಿ ನಿಲ್ಲಿಸಿದ್ರೆ ಲೈನಲ್ಲಿರೋ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳೀತಿತ್ತು. ಹೊಸ ರಿಂಗ್ ಹಾಕಿ ಏರ್ ತೆಗೆದು ಕೊಟ್ರು, ಎಲ್ಲಾ ಸೇರಿ 350 ರೂಪಾಯಿ. ಇವತ್ತಿಗೆ ಹನ್ನೆರಡು ದಿನ, ಬೆಳಗ್ಗೆ ಚಳೀಲೂ ಮುಳ್ಳು ಅಲ್ಲಾಡಿಲ್ಲ.

ಈಗ ನಾನು ಕೇಳೋದು. ಇಜಿಆರ್ ಕ್ಲೀನ್ ಮಾಡಿದ 1,800 ವಾಪಸ್ ಬೇಡ, ಇಷ್ಟು ಓಡಿರೋ ಡೀಸೆಲ್ ಗಾಡೀಲಿ ಮಸಿ ಕೂತಿರುತ್ತೆ, ತೆಗೆದಿದ್ದು ಒಳ್ಳೇದೇ. ಮೌಂಟಿಂಗ್ 6,400, ಇಂಜೆಕ್ಟರ್ ಕ್ಲೀನಿಂಗ್ 4,800, ನಾನು ಹೊರಗೆ ಕೊಟ್ಟ 350, ಒಟ್ಟು 11,550 ನನ್ನ ಅಕೌಂಟಿಗೆ ಹಾಕಿ. ಬಿಚ್ಚಿದ ಹಳೇ ಮೌಂಟಿಂಗ್ ಕೇಳಿದ್ರೆ ಗುಜರಿಗೆ ಹೋಯ್ತು ಅಂದ್ರು, ನನ್ನ ಕೇಳ್ದೆ ಹೆಂಗೆ ಹೋಯ್ತು ಅಂತ ಬರವಣಿಗೇಲಿ ಹೇಳಿ. ಸ್ಕ್ಯಾನ್ ರಿಪೋರ್ಟ್ ಇದ್ರೆ ಅದನ್ನೂ ಕಳಿಸಿ.

15 ದಿನ ಕಾಯ್ತೀನಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹಾಕ್ತೀನಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ. ಬಿಲ್ಲು, ಎಸ್ಟಿಮೇಟು, ಗುಳ್ಳೆ ಹೋಗ್ತಿರೋ ವಿಡಿಯೋ ಎಲ್ಲಾ ಇದರ ಜೊತೆ ಇದೆ. ಆ ಕಟ್ಟಾದ ಓ ರಿಂಗ್ ಮಾತ್ರ ಫೋಟೋ ಕಳಿಸ್ತಿದೀನಿ, ರಿಂಗು ನನ್ನ ಹತ್ರಾನೇ ಇರುತ್ತೆ.

ಇತಿ,
ನಿಮ್ಮ ಹಾಸನದ ಕಸ್ಟಮರ್