ಸಿಳ್ಳೆ ಹೊಡೆಯುವ ಹುಡುಗ

ಪುಟ್ಟಿ,

ನೀನು ಇದನ್ನು ಓದುವ ಹೊತ್ತಿಗೆ ನಾನು ಗಾಡಿ ತಗೊಂಡು ಹೋಗಿರುತ್ತೇನೆ. ಬೆಳಗಿನ ಜಾವದ ಲೋಡ್ ಇದೆ. ಬ್ಯಾಗಿನಲ್ಲಿ ಟಿಫಿನ್ ಡಬ್ಬಿ ಕೆಳಗೆ ಇಟ್ಟರೆ ನಿನ್ನ ಕಣ್ಣಿಗೆ ಬಿದ್ದೇ ಬೀಳುತ್ತದೆ ಅಂತ ಅಲ್ಲೇ ಇಟ್ಟಿದ್ದೇನೆ.

ರಾತ್ರಿ ಅರ್ಧ ಊಟಕ್ಕೇ ಎದ್ದುಬಿಟ್ಟೆ. ನಿಮ್ಮ ಶಾಲೆಯ ಡಾನ್ ಬಾಸ್ಕೋ ಹಬ್ಬದ ನಾಟಕದಲ್ಲಿ ಬಾಸ್ಕೋ ಪಾತ್ರ ಬೇರೆಯವರಿಗೆ ಹೋಯಿತು, ನಿನಗೆ ಹರಕು ಅಂಗಿ ಹಾಕಿಕೊಂಡು ಏಟು ತಿನ್ನೋ ಹುಡುಗನ ಪಾತ್ರ ಬಂತು ಅಂತ. "31ನೇ ತಾರೀಖು ನೀವ್ಯಾರೂ ಬರಬೇಡಿ" ಅಂದೆ. ನಿಮ್ಮವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಆ ಕಥೆಯನ್ನು ಪೇರೆಂಟ್ಸ್ ಮೀಟಿಂಗಿನಲ್ಲಿ ನಿಮ್ಮ ಫಾದರ್ ಹೇಳಿದ್ದರು. ಮಾರ್ಕ್ಸ್ ಮಾತು ಬಂದಾಗ ತೂಕಡಿಸುತ್ತಿದ್ದ ನಾನು ಅಲ್ಲಿ ಎಚ್ಚರಾದೆ. 1841, ಡಿಸೆಂಬರ್ 8. ಇಟಲಿಯ ಟ್ಯೂರಿನ್ ಊರು. ಬಾಸ್ಕೋ ಆಗ ಹೊಸದಾಗಿ ಚರ್ಚಿನ ಗುರುಗಳಾಗಿದ್ದರು, ವಯಸ್ಸು 26. ಪೂಜೆಗೆ ತಯಾರಾಗುತ್ತಿದ್ದಾಗ ಚರ್ಚಿನ ಒಳಕೋಣೆಗೆ ಒಬ್ಬ ಹುಡುಗ ಬಂದು ನಿಂತ. ಹೆಸರು ಬಾರ್ತಲೋಮಿಯೋ. ಗಾರೆ ಕೆಲಸದವನು, ಅಪ್ಪ ಅಮ್ಮ ಇಲ್ಲ. ಚರ್ಚಿನ ಆಳು "ಪೂಜೆಗೆ ಸಹಾಯ ಮಾಡು" ಅಂದ. "ನನಗೆ ಬರಲ್ಲ" ಅಂದದ್ದಕ್ಕೆ ಕೋಲು ತಗೊಂಡು ಬಾರಿಸಿ ಓಡಿಸಿದ. ಬಾಸ್ಕೋ "ಅವನು ನನ್ನ ಗೆಳೆಯ, ವಾಪಸ್ ಕರಿ" ಅಂದರು. ಅಲ್ಲಿವರೆಗೂ ಆ ಹುಡುಗನ ಮುಖ ಕೂಡ ನೋಡಿದವರಲ್ಲ!

ಆಮೇಲೆ ಕೇಳುತ್ತಾ ಹೋದರಂತೆ. ಓದೋಕೆ ಬರುತ್ತಾ? ಇಲ್ಲ. ಬರೆಯೋಕೆ? ಇಲ್ಲ. ಹಾಡೋಕೆ? ಅದೂ ಇಲ್ಲ. ಸಿಳ್ಳೆ ಹೊಡೆಯೋಕೆ? ಹುಡುಗ ನಕ್ಕುಬಿಟ್ಟ.

ನಿಮ್ಮ ಶಾಲೆ ನಡೆಸೋ ಬಾಸ್ಕೋ ಸಭೆಯ ಫಾದರ್‌ಗಳ ಕೆಲಸವೆಲ್ಲ ಶುರುವಾಗಿದ್ದು ಆ ಸಿಳ್ಳೆಯಿಂದ. ಹಾಗಿರುವಾಗ ಯಾವ ಪಾತ್ರ ದೊಡ್ಡದು, ನೀನೇ ಹೇಳು.

ಈಗ ಇನ್ನೊಂದು ವಿಷಯ. ನನ್ನ ಎಡಗೈ ಮೇಲಿನ ಕಲೆ ಗಾಡಿ ಸೈಲೆನ್ಸರ್ ತಾಗಿ ಆಗಿದ್ದು ಅಂತ ಹೇಳಿದ್ದೆ ಅಲ್ವಾ? ಸುಳ್ಳು. ಅದು ಮಂಡಕ್ಕಿ ಭಟ್ಟಿಯ ಮರಳು. ಒಂಬತ್ತನೇ ವಯಸ್ಸಿಗೆ ನಾಲ್ಕನೇ ಕ್ಲಾಸು ಬಿಟ್ಟು ಈ ಊರಿನ ಒಂದು ಭಟ್ಟಿಗೆ ಸೇರಿದೆ. ಬೆಳಗ್ಗೆ ನಾಲ್ಕಕ್ಕೆ ಒಲೆ ಹತ್ತಬೇಕು. ಒಲೆಗೆ ಹೊಟ್ಟು ಹಾಕೋದು, ಮರಳು ಜರಡಿ ಹಿಡಿಯೋದು, ಚೀಲ ತುಂಬೋದು. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಚಟಪಟ ಅರಳುತ್ತದೆ, ನೋಡೋಕೆ ಚೆಂದ. ಆದರೆ ಹೊಗೆ ಎಷ್ಟಿರುತ್ತಿತ್ತು ಅಂದ್ರೆ ಪಕ್ಕದಲ್ಲಿದ್ದವನೂ ಕಾಣುತ್ತಿರಲಿಲ್ಲ. ನಾವು ನಾಲ್ಕು ಜನ ಹುಡುಗರು ಸಿಳ್ಳೆ ಹೊಡೆದೇ ಯಾರೆಲ್ಲಿದ್ದೀವಿ ಅಂತ ತಿಳ್ಕೊಳ್ತಿದ್ವಿ. ನಿನಗೆ ಕಲಿಸಿದ್ದು, ಅಜ್ಜಿ "ಹೆಣ್ಣುಮಕ್ಕಳು ಸಿಳ್ಳೆ ಹಾಕ್ತಾರೇನೇ" ಅಂತ ಬೈಯೋದು, ಅದೇ ಸಿಳ್ಳೆ.

ಮಾಲೀಕ ಕೆಟ್ಟವನೇನಲ್ಲ. ಹಬ್ಬಕ್ಕೆ ಅಂಗಿ ಕೊಡಿಸುತ್ತಿದ್ದ. ಕೈ ಮಾತ್ರ ಬೇಗ ಎತ್ತುತ್ತಿದ್ದ.

ಅದಕ್ಕೇ ಫಾದರ್ ಹೇಳಿದ ಒಂದು ಮಾತು ಇನ್ನೂ ತಲೆಯಲ್ಲಿದೆ. ಬಾಸ್ಕೋ ಹುಡುಗರನ್ನು ಕೆಲಸಕ್ಕೆ ಸೇರಿಸುವಾಗ ಮಾಲೀಕರ ಹತ್ತಿರ ಕರಾರು ಪತ್ರ ಬರೆಸಿಕೊಳ್ಳುತ್ತಿದ್ದರಂತೆ. 1852ರ ಒಂದು ಪತ್ರ ಈಗಲೂ ಇದೆಯಂತೆ, ಒಬ್ಬ ಬಡಗಿಯ ಜೊತೆ ಮಾಡಿಕೊಂಡಿದ್ದು. ಹುಡುಗ ತಪ್ಪು ಮಾಡಿದರೆ ಬಾಯಲ್ಲಿ ತಿದ್ದಬೇಕು, ಕೈಯಲ್ಲಲ್ಲ. ಹಬ್ಬದ ದಿನ ರಜೆ. ವಾರಕ್ಕಿಷ್ಟು ಕೂಲಿ. ಪವಾಡಗಳನ್ನೂ ಹೇಳಿದರು, ಅವು ನನಗೆ ಅಷ್ಟು ನೆನಪಿಲ್ಲ. ನನಗೆ ಈ ಕಾಗದವೇ ದೊಡ್ಡ ಪವಾಡ. ನಮ್ಮ ಪರವಾಗಿ ಯಾರಾದರೂ ಹಾಗೊಂದು ಬರೆಸಿಕೊಂಡಿದ್ದರೆ ಅನಿಸುತ್ತದೆ.

ಹನ್ನೆರಡನೇ ವಯಸ್ಸಿಗೆ ಮತ್ತೆ ಶಾಲೆಗೆ ಹೋದೆ. ಮಂಡಕ್ಕಿ ಕೊಳ್ಳೋಕೆ ಬಂದ ಒಬ್ಬ ಮೇಷ್ಟ್ರು ಮನೆತನಕ ಬಂದು ನಿಮ್ಮಜ್ಜನ ಹತ್ತಿರ ಜಗಳವಾಡಿ ಕರಕೊಂಡು ಹೋದರು. ಕ್ಲಾಸಿನಲ್ಲಿ ನನಗೆ ಇಟ್ಟ ಹೆಸರು "ಭಟ್ಟಿ". ಮೈಗೆ ಹೊಗೆ ವಾಸನೆ ಬರುತ್ತದೆ ಅಂತ. ಸೋಪು ಹಚ್ಚಿ ಎಷ್ಟು ಉಜ್ಜಿಕೊಂಡೆನೋ ಲೆಕ್ಕವಿಲ್ಲ. ಎಸ್ಸೆಸ್ಸೆಲ್ಸಿವರೆಗೂ ಆ ಹೆಸರು ಹೋಗಲಿಲ್ಲ.

ಹೋದ ವಾರ ನೀನು ಊಟಕ್ಕೆ ಕೂತಾಗ, ನಿಮ್ಮ ಕ್ಲಾಸಿಗೆ ತಡವಾಗಿ ಬಂದು ಸೇರಿದ ಹುಡುಗನ ಬಗ್ಗೆ ಹೇಳಿದೆ. ಅವನೂ ಭಟ್ಟಿ ಕಡೆಯಿಂದ ಬಂದವನು, ಓದೋಕೆ ತಡವರಿಸುತ್ತಾನೆ, ಎಲ್ಲರೂ ಅವನನ್ನು "ಮಂಡಕ್ಕಿ" ಅಂತ ಕರೀತಾರೆ ಅಂತ. ನಗುನಗುತ್ತಾ ಹೇಳಿದೆ. ನಾನು ಸುಮ್ನೆ ಅನ್ನ ಕಲಸುತ್ತಾ ಕೂತೆ. ಆವತ್ತೇ ಹೇಳಬೇಕಿತ್ತು. ನನ್ನ ಮಗಳಿಗೆ ಅಪ್ಪ ಭಟ್ಟಿ ಹುಡುಗ ಅಂತ ಗೊತ್ತಾದರೆ ಹೇಗೋ ಏನೋ ಅಂತ ನಾಚಿಕೆಯಾಯಿತು, ಅಷ್ಟೇ.

ನಾವು ಆ ಮತದವರಲ್ಲ. ನೀನು "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಮನೆಯಲ್ಲಿ ಮೊದಲ ಸಲ ಹೇಳಿದಾಗ ಅಜ್ಜಿ ಗಾಬರಿಯಾಗಿದ್ದಳು. ಈಗ ದುಗ್ಗಮ್ಮನ ಗುಡಿಯಿಂದ ಬಂದವಳೇ "ನಿನ್ನ ಪ್ರಾರ್ಥನೆ ಆಯ್ತೇನೇ" ಅಂತ ಕೇಳುತ್ತಾಳೆ. ಆದರೂ ಫೀಸು ಕಟ್ಟಿ ಬರೀ ಇಂಗ್ಲಿಷ್ ಕಲಿತು ಬಂದರೆ ಆ ಶಾಲೆಗೆ ಹೋಗಿ ಏನು ಬಂತು? ಬಾಸ್ಕೋ ಫೋಟೋಕ್ಕೆ ಹಾರ ಹಾಕೋಕೆ, ಭಾಷಣ ಮಾಡೋಕೆ ಬೇಕಾದಷ್ಟು ಜನ ಬರುತ್ತಾರೆ. ಭಾಷಣ ಪ್ರತಿ ವರ್ಷ ಜಾಸ್ತಿನೇ ಆಗುತ್ತಿದೆ. ನೀನು ಆ ಹುಡುಗನ ಪಕ್ಕ ಹೋಗಿ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕರಿ. ನಿನ್ನ ಗೆಳತಿಯರು ಎರಡು ದಿನ ಮಾತು ಬಿಡಬಹುದು. ಬಿಡಲಿ.

ಇನ್ನು ನೀನು ಬರಬೇಡ ಅಂದರೂ 31ಕ್ಕೆ ನಾನು ಬರುತ್ತೇನೆ. ಮಧ್ಯಾಹ್ನದ ಲೋಡ್ ಬೇರೆಯವರಿಗೆ ಹೇಳಿಯಾಗಿದೆ. ಅಂಗಿ ಬಾಡಿಗೆಗೆ ತರಬೇಡ, ನನ್ನ ಹಳೆಯ ಖಾಕಿ ಅಂಗಿಯ ತೋಳು ಕತ್ತರಿಸಿ ಕೊಡೋಕೆ ನಿಮ್ಮವ್ವನಿಗೆ ಹೇಳಿದ್ದೇನೆ. ಹೆದರಿಕೆಗೆ ತುಟಿ ಒಣಗಿದರೆ ಸಿಳ್ಳೆ ಬರಲ್ಲ, ಸ್ಟೇಜ್ ಹತ್ತೋ ಮುಂಚೆ ಒಂದು ಗುಟುಕು ನೀರು ಕುಡಿ. ನೀನು ಹೊಡೆದ ಮೇಲೆ ಹಿಂದಿನ ಸಾಲಿನಿಂದ ಇನ್ನೊಂದು ಸಿಳ್ಳೆ ಕೇಳಿಸಿದರೆ ತಿರುಗಿ ನೋಡಬೇಡ, ಪಾತ್ರ ಕೆಡುತ್ತದೆ.

ನಿನ್ನ
ಅಪ್ಪ
ದಾವಣಗೆರೆ